ಆತುರದ ಎಳೆ ಬೇಟೆನಾಯಿಗೆ ಸಮಾಧಾನದಿಂದ ಎತ್ತಿತರುವುದನ್ನು ಕಲಿಸುವ ಕ್ರಮ

ಪೀಠಿಕೆ

ಎಳೆಯ ಹೋರಿಯನ್ನು ನೊಗಕ್ಕೆ ಕಟ್ಟಿ ಪಳಗಿಸುವಾಗ ಅದರ ಶಕ್ತಿಯನ್ನು ಕುಂದಿಸದೆ ಆತುರವನ್ನು ಮಾತ್ರ ಅಡಗಿಸುವುದೇ ಪಳಗಿಸುವವನ ಜಾಣತನವೆಂಬುದು ರೈತರೆಲ್ಲರಿಗೂ ತಿಳಿದ ವಿಷಯವು. ನಾಯಿಯ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ಕೆಲಸಕ್ಕೆಂದು ಸಾಕಿದ ನಾಯಿಗಳಲ್ಲಿ ಅನೇಕವು ದಡ್ಡತನದಿಂದ ಕೆಡುವುದಿಲ್ಲ, ಸೋಮಾರಿತನದಿಂದಲೂ ಕೆಡುವುದಿಲ್ಲ, ಅತಿಯಾದ ಆತುರದಿಂದ ಕೆಡುತ್ತವೆ. ಒಳ್ಳೆಯ ತಳಿಯಲ್ಲಿ ಹುಟ್ಟಿ, ಒಳ್ಳೆಯ ಮೂಗು, ಗಟ್ಟಿಯಾದ ಕಾಲು, ಕೆಲಸದಲ್ಲಿ ಅಪಾರವಾದ ಆಸೆ, ಇವೆಲ್ಲವೂ ಇದ್ದ ನಾಯಿಯು ಒಂದೂವರೆ ವರ್ಷದ ಹೊತ್ತಿಗೆ ಯಾರಿಗೂ ಬೇಡವಾಗಿ ಕೈಯಿಂದ ಕೈಗೆ ಹೋಗುವುದುಂಟು. ಇಂತಹ ನಾಯಿಯ ಗತಿಯು ಬಹುಮಟ್ಟಿಗೆ ಅದರ ಮೊದಲನೆಯ ವರ್ಷದಲ್ಲಿ ಶಿಕ್ಷಕನು ನಡೆದುಕೊಂಡ ರೀತಿಯನ್ನು ಅವಲಂಬಿಸಿರುತ್ತದೆ. ಆದಕಾರಣ ಈ ಶಿಕ್ಷಣವು ಹೆಚ್ಚಾಗಿ ಬಳಕೆಯಲ್ಲಿರುವ ಬ್ರಿಟನ್ ದೇಶದ ಪದ್ಧತಿಯನ್ನು ಅನುಸರಿಸಿ ಈ ಪಾಠವನ್ನು ಬರೆಯಲಾಗಿದೆ.

ಈ ನಾಯಿಗಳ ಕೆಲಸ

ಕೋವಿಯ ಬೇಟೆಯಲ್ಲಿ ನೆರವಾಗುವ ನಾಯಿಗಳಲ್ಲಿ ಮೂರು ಮುಖ್ಯ ವರ್ಗಗಳುಂಟು. ಪಾಯಿಂಟರ್ ಮತ್ತು ಸೆಟರ್ ಎಂಬುವು ಹಕ್ಕಿಯಿರುವ ಸ್ಥಳವನ್ನು ವಾಸನೆಯಿಂದ ಕಂಡು ನಿಂತು ತೋರಿಸುತ್ತವೆ. ಸ್ಪೇನಿಯಲ್ ಜಾತಿಯವು ಪೊದೆಗಳಲ್ಲಿ ನುಗ್ಗಿ ಹಕ್ಕಿಯನ್ನು ಎಬ್ಬಿಸುತ್ತವೆ. ರಿಟ್ರೀವರ್ ಎಂಬ ವರ್ಗದವು ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹುಡುಕಿ, ಬಾಯಲ್ಲಿ ಎತ್ತಿಕೊಂಡು, ಘಾಸಿಮಾಡದೆ ತಂದು ಒಡೆಯನ ಕೈಗೆ ಒಪ್ಪಿಸುತ್ತವೆ. ಈ ವರ್ಗದಲ್ಲಿ ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ಪ್ರಸಿದ್ಧವಾದುವು. ಲ್ಯಾಬ್ರಡಾರಿನ ಪೂರ್ವಿಕ ನಾಯಿಗಳು ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಬೆಸ್ತರಿಗೆ ನೆರವಾಗುತ್ತಿದ್ದುವು. ೧೯ನೆಯ ಶತಮಾನದಲ್ಲಿ ಹಡಗುಗಳ ಮೂಲಕ ಇಂಗ್ಲೆಂಡಿಗೆ ಬಂದುವು. ೧೯೦೩ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ಬಿನವರು ಅದನ್ನು ಪ್ರತ್ಯೇಕ ತಳಿಯೆಂದು ಅಂಗೀಕರಿಸಿದರು. ಗೋಲ್ಡನ್ ತಳಿಯ ಮೂಲವು ೧೮೬೮ರಲ್ಲಿ ಸ್ಕಾಟ್‌ಲ್ಯಾಂಡಿನ ಗಿಸಾಕನ್ ಎಂಬಲ್ಲಿ ಲಾರ್ಡ್ ಟ್ವೀಡ್‌ಮೌತ್ ಎಂಬಾತನು ನೌಸ್ ಎಂಬ ಹಳದಿ ಗಂಡುನಾಯಿಯನ್ನೂ ಬೆಲ್ ಎಂಬ ನೀರಿನಲ್ಲಿ ಕೆಲಸಮಾಡುವ ಜಾತಿಯ ಸ್ಪೇನಿಯಲ್ ಹೆಣ್ಣನ್ನೂ ಕೂಡಿಸಿ ಪಡೆದ ಮರಿಗಳಲ್ಲಿದೆ.

ಬ್ರಿಟನ್ನಿನಲ್ಲಿ ಫೆಸೆಂಟ್ ಎಂಬ ಕಾಡುಕೋಳಿಯ ಬೇಟೆಯು ಅಕ್ಟೋಬರ್ ೧ರಿಂದ ಫೆಬ್ರವರಿ ೧ರವರೆಗೆ ನಡೆಯುತ್ತದೆ. ಆಳುಗಳು ತೋಪಿನಿಂದ ಹಕ್ಕಿಗಳನ್ನು ಎಬ್ಬಿಸಿ ಅಟ್ಟುವರು. ಕೋವಿಯವರು ಸಾಲಾಗಿ ನಿಂತು ಹೊಡೆಯುವರು. ಸುತ್ತಲೂ ಗುಂಡಿನ ಸದ್ದು, ರೆಕ್ಕೆಗಳ ಬಡಿತ, ಕಣ್ಣೆದುರಿಗೇ ಬೀಳುವ ಹಕ್ಕಿಗಳು, ಪಕ್ಕದಲ್ಲಿ ಬೇರೆ ನಾಯಿಗಳು, ಇಷ್ಟರ ನಡುವೆಯೂ ರಿಟ್ರೀವರ್ ನಾಯಿಯು ತನ್ನ ಒಡೆಯನ ಬಳಿ ಬಾಯಿಬಿಡದೆ ಕುಳಿತಿರಬೇಕು. ತನ್ನ ಹೆಸರನ್ನು ಕರೆದು ಕಳುಹಿಸಿದ ಮೇಲೆಯೇ ಹೊರಡಬೇಕು. ಬೀಳುವ ಹಕ್ಕಿಯೆಲ್ಲ ತನ್ನದಲ್ಲವೆಂಬುದು ಅದಕ್ಕೆ ತಿಳಿದಿರಬೇಕು.

ಈ ಕೆಲಸದಲ್ಲಿ ಒಂದು ದಯೆಯ ಅಂಶವೂ ಅಡಗಿದೆ. ಗುಂಡೇಟು ತಗಲಿಯೂ ಸಾಯದೆ ಪೊದೆಯಲ್ಲಿ ಅಡಗಿದ ಹಕ್ಕಿಯು ನಾಯಿಗೆ ಸಿಕ್ಕದಿದ್ದರೆ ದಿನಗಟ್ಟಲೆ ನರಳುವುದು. ಸಮಾಧಾನದಿಂದ ಮೂಗನ್ನು ನೆಲಕ್ಕಿಟ್ಟು ಹುಡುಕುವ ನಾಯಿಯು ಅದನ್ನು ಬೇಗನೆ ಪತ್ತೆಮಾಡಿ ಆ ಯಾತನೆಯನ್ನು ಕೊನೆಗಾಣಿಸುತ್ತದೆ. ಆತುರದ ನಾಯಿಯಾದರೋ ಕಣ್ಣಿನಿಂದಲೇ ಹುಡುಕುತ್ತ, ಆ ಸ್ಥಳವನ್ನು ಹಾದು ಮುಂದಕ್ಕೆ ಓಡಿಬಿಡುತ್ತದೆ.

ಆತುರದ ಲಕ್ಷಣಗಳು

ಉತ್ಸಾಹವು ಬೇರೆ, ಆತುರವು ಬೇರೆ. ಉತ್ಸಾಹಿಯಾದ ನಾಯಿಯು ಕಿವಿ ನಿಮಿರಿಸಿ ಬಿದ್ದ ಸ್ಥಳವನ್ನು ನೋಡುತ್ತದೆ. ಆದರೆ ಕರೆದರೆ ಒಡೆಯನ ಕಡೆಗೆ ತಿರುಗುತ್ತದೆ. ಕೊಟ್ಟ ತಿನಿಸನ್ನು ತಿನ್ನುತ್ತದೆ. ಆತುರಕ್ಕೆ ಸಿಕ್ಕ ನಾಯಿಯನ್ನು ಈ ಕೆಳಗಣ ಗುರುತುಗಳಿಂದ ತಿಳಿಯಬಹುದು.

೧. ಬಿಸಿಲಿಲ್ಲದಿದ್ದರೂ, ಓಡದಿದ್ದರೂ ಏದುಸಿರು ಬಿಡುವುದು, ಮೈ ನಡುಗುವುದು.

೨. ಕುಳಿತಲ್ಲಿ ಕುಂಯ್‌ಗುಟ್ಟುವುದು ಅಥವಾ ಬೊಗಳುವುದು.

೩. ಕುಳಿತಿದ್ದರೂ ಮುಂಗಾಲುಗಳನ್ನು ಸರಿಸುತ್ತ ಅಂಗುಲ ಅಂಗುಲವಾಗಿ ಮುಂದಕ್ಕೆ ಜರುಗುವುದು.

೪. ಬಹಳ ಪ್ರಿಯವಾದ ತಿನಿಸನ್ನು ಮೂಗಿಗೆ ಹಿಡಿದರೂ ಲಕ್ಷಿಸದಿರುವುದು.

೫. ಅಪ್ಪಣೆಗೆ ಮೊದಲೇ ನುಗ್ಗುವುದು.

೬. ಎತ್ತಿಕೊಂಡ ವಸ್ತುವನ್ನು ಅಗಿಯುವುದು, ಕೊಡವುವುದು, ಅದನ್ನು ಹೊತ್ತು ಒಡೆಯನ ಸುತ್ತ ಸುತ್ತುವುದು.

ಇವುಗಳಲ್ಲಿ ನುಗ್ಗುವುದು, ಕುಂಯ್‌ಗುಟ್ಟುವುದು ಮತ್ತು ಹಕ್ಕಿಯ ಪಕ್ಕೆಲುಬು ಮುರಿಯುವಂತೆ ಕಚ್ಚುವ ಗಡಸು ಬಾಯಿ, ಈ ಮೂರೂ ಬ್ರಿಟನ್ನಿನ ನಾಯಿಪಂದ್ಯಗಳಲ್ಲಿ ನಾಯಿಯನ್ನು ಕಣದಿಂದಲೇ ಹೊರಕ್ಕೆ ಕಳುಹಿಸತಕ್ಕ ದೋಷಗಳೆಂದು ಎಣಿಸಲ್ಪಟ್ಟಿವೆ. ಮೂರಕ್ಕೂ ಆತುರವು ಒಂದು ದೊಡ್ಡ ಕಾರಣವೆಂಬುದನ್ನು ಗಮನಿಸಬೇಕು. ಇವುಗಳ ಪೈಕಿ ಕುಂಯ್‌ಗುಟ್ಟುವುದು ಒಮ್ಮೆ ರೂಢಿಯಾದರೆ ಬಿಡಿಸುವುದು ಅತ್ಯಂತ ಕಷ್ಟವು. ಆದುದರಿಂದ ಅದು ಹುಟ್ಟದಂತೆ ನೋಡಿಕೊಳ್ಳುವುದೇ ಜಾಣತನವು.

ಆತುರಕ್ಕೆ ಕಾರಣಗಳು

ತಳಿಯ ಗುಣವು ಒಂದು ಕಾರಣವು ನಿಜ. ಆದರೆ ಹೆಚ್ಚಿನ ಪಾಲು ಮನುಷ್ಯನು ತಾನೇ ಉಂಟುಮಾಡಿದ್ದಾಗಿರುತ್ತದೆ. ಮರಿಯು ಮನೆಗೆ ಬಂದ ದಿನದಿಂದ ಮಕ್ಕಳೂ ದೊಡ್ಡವರೂ ಚೆಂಡನ್ನು ಎಸೆದು, ಅದು ಓಡಿ ತರುವುದನ್ನು ನೋಡಿ ನಗುವರು. ದಿನಕ್ಕೆ ಮೂವತ್ತು ನಲವತ್ತು ಸಲ ಹೀಗೆ ನಡೆಯುವುದು. ಮರಿಯು ಇದರಿಂದ ಕಲಿಯುವ ಪಾಠವು ಯಾವುದು? ಏನಾದರೂ ಹಾರಿದರೆ ಕೂಡಲೇ ಓಡಬೇಕು ಎಂಬುದೊಂದೇ. ಆರು ತಿಂಗಳು ಈ ಪಾಠವನ್ನು ಹೇಳಿಕೊಟ್ಟು, ಏಳನೆಯ ತಿಂಗಳಲ್ಲಿ ಓಡಕೂಡದೆಂದು ಗದರಿಸಿದರೆ ಅದಕ್ಕೆ ಹೇಗೆ ಅರ್ಥವಾದೀತು?

ಫಲವು ಸುಖಕರವಾದರೆ ಪ್ರಾಣಿಯು ಆ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆಂಬುದನ್ನು ಅಮೆರಿಕದ ಥಾರ್ನ್‌ಡೈಕ್ ಎಂಬ ಶಾಸ್ತ್ರಜ್ಞನು ೧೮೯೮ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾಡಿದ ಪರೀಕ್ಷೆಗಳಿಂದ ತೋರಿಸಿದನು. ಬೇಟೆನಾಯಿಗೆ ಅಟ್ಟಿಕೊಂಡು ಹೋಗುವುದೇ ಪರಮ ಸುಖವು. ಅದಕ್ಕಿಂತ ದೊಡ್ಡ ಬಹುಮಾನವು ಒಡೆಯನ ಜೇಬಿನಲ್ಲಿಲ್ಲ. ಆದಕಾರಣ ಅಪ್ಪಣೆಯಿಲ್ಲದೆ ನುಗ್ಗಿದ ಪ್ರತಿಯೊಂದು ಸಲವೂ ನಾಯಿಯು ತನಗೆ ತಾನೇ ಬಹುಮಾನವನ್ನು ಕೊಟ್ಟುಕೊಂಡಂತಾಗುತ್ತದೆ. ತರುವಾಯದ ಶಾಸ್ತ್ರಜ್ಞರು ಇನ್ನೊಂದು ಸಂಗತಿಯನ್ನೂ ಕಂಡುಕೊಂಡರು. ಪ್ರತಿ ಸಲವೂ ಫಲ ದೊರೆಯುವ ಅಭ್ಯಾಸಕ್ಕಿಂತ ಆಗೊಮ್ಮೆ ಈಗೊಮ್ಮೆ ಫಲ ದೊರೆಯುವ ಅಭ್ಯಾಸವು ಹೆಚ್ಚು ಬಲವಾಗಿ ಬೇರೂರುತ್ತದೆ. ಐದು ಸಲ ಕುಂಯ್‌ಗುಟ್ಟಿದಾಗ ನಾಲ್ಕು ಸಲ ತಡೆದು, ಐದನೆಯ ಸಲ ಬೇಸತ್ತು ನಾಯಿಯನ್ನು ಬಿಟ್ಟವನು ತಾನು ಬಿಡಿಸಹೊರಟ ದೋಷವನ್ನೇ ಭದ್ರಪಡಿಸಿದಂತಾಗುವುದು.

ಇವಲ್ಲದೆ ದಿನವೆಲ್ಲ ಕಟ್ಟಿಹಾಕಿ ಸಂಜೆ ಒಮ್ಮೆಲೇ ಬಿಡುವುದು, ಸಾಕಷ್ಟು ನಿದ್ರೆಗೆ ಅವಕಾಶ ಕೊಡದಿರುವುದು, ನಾಲ್ಕಾರು ನಾಯಿಗಳೊಡನೆ ಪೈಪೋಟಿಗೆ ಬಿಡುವುದು, ಶಿಕ್ಷಕನೇ ಗಟ್ಟಿಯಾಗಿ ಕೂಗಾಡುವುದು, ಇವೂ ಕಾರಣಗಳೇ. ಶಿಕ್ಷಕನ ದನಿಯಲ್ಲಿ ಆತುರವಿದ್ದರೆ ನಾಯಿಯಲ್ಲಿ ಸಮಾಧಾನವಿರುವುದೆಂದು ನಿರೀಕ್ಷಿಸಲಾಗದು.

ಹೊಡೆತದಿಂದಾಗುವ ಕೇಡು

ಹಿಂದಿನ ಕಾಲದಲ್ಲಿ ಬೇಟೆನಾಯಿಯ ಶಿಕ್ಷಣಕ್ಕೆ ‘ಮುರಿಯುವುದು’ ಎಂಬ ಅರ್ಥದ ಮಾತೇ ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು; ಚಾವಟಿಯು ಶಿಕ್ಷಕನ ಮುಖ್ಯ ಸಾಧನವಾಗಿತ್ತು. ಈ ಪದ್ಧತಿಯ ದೋಷವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಹತ್ತು ತಿಂಗಳ ಲ್ಯಾಬ್ರಡಾರ್ ಗಂಡುನಾಯಿಯೊಂದು ಅಪ್ಪಣೆಗೆ ಕಾಯದೆ ನುಗ್ಗಿತೆಂದು ಭಾವಿಸಬಹುದು. ಒಡೆಯನು ಹಿಂದಿನಿಂದ ಕೂಗುವನು. ನಾಯಿಗೆ ಅದು ಕೇಳಿಸುವುದಿಲ್ಲ. ಅದು ಹಕ್ಕಿಯನ್ನೆತ್ತಿಕೊಂಡು ಬಾಲವಾಡಿಸುತ್ತ ಹಿಂದಿರುಗಿ ಬರುವುದು. ಆಗ ಸಿಟ್ಟಿನಲ್ಲಿರುವ ಒಡೆಯನು ಹಕ್ಕಿಯನ್ನು ಕಿತ್ತುಕೊಂಡು ನಾಲ್ಕು ಪೆಟ್ಟು ಬಿಗಿಯುವನು. ನುಗ್ಗಿದ್ದಕ್ಕೆ ಶಿಕ್ಷೆ ಕೊಟ್ಟೆನೆಂದು ಅವನ ಎಣಿಕೆ. ನಾಯಿಯ ಲೆಕ್ಕವು ಬೇರೆ. ನುಗ್ಗಿದಾಗ ಹಕ್ಕಿಯು ದೊರೆಯಿತು. ಹಿಂದಿರುಗಿ ಬಂದು ಒಪ್ಪಿಸಿದಾಗ ಪೆಟ್ಟು ಬಿತ್ತು. ಆದುದರಿಂದ ಮಾರನೆಯ ದಿನವೂ ಅದು ನುಗ್ಗುವುದು. ಆದರೆ ಹತ್ತಿರ ಬರಲು ಅಂಜಿ ದೂರದಲ್ಲಿಯೇ ಸುತ್ತುವುದು, ಇಲ್ಲವೆ ಹಕ್ಕಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುವುದು. ಒಂದಿದ್ದ ದೋಷವು ಎರಡಾಯಿತು. ಜೊತೆಗೆ ನಂಬಿಕೆಯು ಹೋಯಿತು.

ಪೆಟ್ಟು ನಾಯಿಯ ಕಳವಳವನ್ನು ಹೆಚ್ಚಿಸುವುದೇ ಹೊರತು ತಗ್ಗಿಸುವುದಿಲ್ಲ. ಕಳವಳದಿಂದಲೇ ಕುಂಯ್‌ಗುಟ್ಟುವ ನಾಯಿಯನ್ನು ಹೊಡೆದರೆ ಅದು ಇನ್ನಷ್ಟು ಕುಂಯ್‌ಗುಟ್ಟುವುದು. ವಿದ್ಯುತ್ತಿನ ಅದುರು ಕೊಡುವ ಕೊರಳಪಟ್ಟಿಗಳ ವಿಷಯದಲ್ಲಿಯೂ ಇದೇ ಆಕ್ಷೇಪಣೆಯುಂಟು. ವೇಲ್ಸ್ ಪ್ರಾಂತದಲ್ಲಿ ೨೦೧೦ರಿಂದ ಅವುಗಳ ಉಪಯೋಗವನ್ನು ನಿಷೇಧಿಸಲಾಗಿದೆ.

ಮೊದಲನೆಯ ಪಾಠ: ಎಸೆತವನ್ನು ನಿಲ್ಲಿಸುವುದು

ಈಗಾಗಲೇ ಆತುರಕ್ಕೆ ಬಿದ್ದಿರುವ ನಾಯಿಗೆ ಕೊಡತಕ್ಕ ಮೊದಲನೆಯ ಔಷಧವು ಪಥ್ಯವು. ಎರಡು ಮೂರು ವಾರಗಳ ಕಾಲ ಚೆಂಡು, ಕೋಲು, ದಿಂಡು ಯಾವುದನ್ನೂ ಎಸೆಯಕೂಡದು. ಮನೆಯವರೆಲ್ಲರೂ ಈ ನಿಯಮವನ್ನು ಪಾಲಿಸತಕ್ಕದ್ದು. ಒಬ್ಬರು ಮೀರಿದರೂ ಉಳಿದವರ ಶ್ರಮವು ವ್ಯರ್ಥವಾಗುವುದು.

ಈ ಕಾಲದಲ್ಲಿ ನಾಯಿಯು ಸುಮ್ಮನಿರಬೇಕೆಂದು ಅರ್ಥವಲ್ಲ. ಅದರ ಮೂಗಿಗೂ ಬುದ್ಧಿಗೂ ಕೆಲಸವನ್ನು ಕೊಡಬೇಕು. ಆಹಾರದಲ್ಲಿ ಸ್ವಲ್ಪ ಭಾಗವನ್ನು ಹುಲ್ಲಿನಲ್ಲಿ ಚೆಲ್ಲಿ ವಾಸನೆಯಿಂದ ಹುಡುಕಿ ತಿನ್ನಲು ಬಿಡಬಹುದು. ಮೂಗಿನಿಂದ ಹುಡುಕುವ ನಾಯಿಯು ತಲೆ ತಗ್ಗಿಸುತ್ತದೆ, ನಡಿಗೆಯನ್ನು ನಿಧಾನಮಾಡುತ್ತದೆ. ಸಡಿಲವಾದ ಹಗ್ಗದಲ್ಲಿ ಮೆಲ್ಲಗೆ ನಡೆಯಿಸಿ, ನಾಯಿಯು ಮುಂದಕ್ಕೆ ಎಳೆದಾಗಲೆಲ್ಲ ಮಾತಿಲ್ಲದೆ ದಿಕ್ಕನ್ನು ಬದಲಿಸುತ್ತ ಹೋದರೆ ಅದು ಒಡೆಯನ ಕಾಲನ್ನು ಗಮನಿಸುವುದನ್ನು ಕಲಿಯುವುದು. ದಿನಕ್ಕೊಮ್ಮೆ ಗೋಣಿಯ ಮೇಲೆ ಮಲಗಿಸಿ, ಪಕ್ಕದಲ್ಲಿ ಕುಳಿತು ಹತ್ತು ಹದಿನೈದು ನಿಮಿಷ ಸುಮ್ಮನಿರುವುದೂ ಒಂದು ಪಾಠವೇ. ಏನೂ ನಡೆಯದಿರುವಾಗ ಸುಮ್ಮನಿರಲಾರದ ನಾಯಿಯು ಹಕ್ಕಿ ಬೀಳುವಾಗ ಸುಮ್ಮನಿದ್ದೀತೇ?

ಎರಡನೆಯ ಪಾಠ: ಕುಳಿತಿರುವುದು

ಮುಂದಿನ ಪಾಠಗಳಿಗೆಲ್ಲ ತಳಹದಿಯಾದುದು ಕುಳಿತಿರುವ ಪಾಠವು. ಮೊದಲು ಮಾತಿನಿಂದಲೂ ಎತ್ತಿದ ಕೈಯಿಂದಲೂ ಕೂರಿಸಿ, ತರುವಾಯ ಸೀಟಿಯ ಒಂದು ಉದ್ದವಾದ ಊದಿಗೆ ಕೂರುವಂತೆ ರೂಢಿಮಾಡಬೇಕು. ಹಿಂದಕ್ಕೆ ಕರೆಯಲು ಚಿಕ್ಕ ಚಿಕ್ಕ ಊದುಗಳನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಸೀಟಿಯಲ್ಲಿ ಒಂದು ಗುಣವುಂಟು; ಮನುಷ್ಯನ ದನಿಯಂತೆ ಅದರಲ್ಲಿ ಸಿಟ್ಟು ಸೇರಿಕೊಳ್ಳುವುದಿಲ್ಲ.

ಕುಳಿತಿರುವುದರಲ್ಲಿ ಮೂರು ಕಷ್ಟಗಳಿವೆ: ಕಾಲ, ದೂರ, ಚಿತ್ತವನ್ನು ಸೆಳೆಯುವ ವಸ್ತುಗಳು. ಇವುಗಳಲ್ಲಿ ಒಂದನ್ನು ಹೆಚ್ಚಿಸುವಾಗ ಉಳಿದೆರಡನ್ನು ತಗ್ಗಿಸತಕ್ಕದ್ದು. ಮೊದಲು ಎದುರಿಗೇ ನಿಂತು ಕಾಲವನ್ನು ಐದು ಕ್ಷಣದಿಂದ ಒಂದೆರಡು ನಿಮಿಷಕ್ಕೆ ಏರಿಸಬೇಕು. ಆಮೇಲೆ ಕಾಲವನ್ನು ಮೊಟಕುಮಾಡಿ, ಎರಡು ಹೆಜ್ಜೆ, ಐದು ಹೆಜ್ಜೆ, ಇಪ್ಪತ್ತು ಹೆಜ್ಜೆ ದೂರಕ್ಕೆ ಹೋಗಿ ಬರಬೇಕು. ಕೊನೆಯಲ್ಲಿ ಮತ್ತೆ ಹತ್ತಿರ ನಿಂತು, ಇನ್ನೊಬ್ಬರು ನಡೆದುಹೋಗುವುದು, ಕೋಳಿಗಳು ಮೇಯುವುದು ಮೊದಲಾದ ಸೆಳೆತಗಳನ್ನು ಸೇರಿಸಬೇಕು. ಈ ಅಭ್ಯಾಸದಲ್ಲಿ ನಾಯಿಯನ್ನು ದೂರದಿಂದ ಕರೆಯದೆ, ಶಿಕ್ಷಕನೇ ಅದರ ಬಳಿಗೆ ಹಿಂದಿರುಗಿ ಮೆಚ್ಚುಗೆಯನ್ನು ತೋರಿಸುವುದು ಲೇಸು. ಕರೆಯುವನೆಂಬ ನಿರೀಕ್ಷೆಯಿಲ್ಲದಿದ್ದರೆ ನಾಯಿಯು ನೆಲಕ್ಕೆ ಭದ್ರವಾಗಿ ಅಂಟಿಕೊಳ್ಳುವುದು.

ಮೂರನೆಯ ಪಾಠ: ಬಿದ್ದಿರುವ ದಿಂಡು

ಅಭ್ಯಾಸಕ್ಕೆ ಗಟ್ಟಿಬಟ್ಟೆಯಲ್ಲಿ ಹೊಲಿದ ದಿಂಡುಗಳನ್ನು ಉಪಯೋಗಿಸುವರು. ಬೆಳೆದ ನಾಯಿಗೆ ಒಂದು ಪೌಂಡು, ಎಂದರೆ ಸುಮಾರು ೪೫೦ ಗ್ರಾಂ ತೂಕದ್ದು ವಾಡಿಕೆಯಲ್ಲಿದೆ. ಮರಿಗೆ ಅದರ ಅರ್ಧ ತೂಕವು ಸಾಕು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ನಾಲ್ಕರಿಂದ ಏಳು ತಿಂಗಳ ನಡುವಣ ಕಾಲದಲ್ಲಿ ಒಸಡು ನೋಯುವುದರಿಂದ ಎತ್ತಿತರುವ ಪಾಠವನ್ನು ಕೊಡದಿರುವುದು ಮೇಲು.

ಆತುರವನ್ನು ಕೆರಳಿಸುವುದು ದಿಂಡಲ್ಲ, ದಿಂಡಿನ ಹಾರಾಟವು. ಆದುದರಿಂದ ಮೊದಲಿಗೆ ಹಾರಾಟವನ್ನೇ ತೆಗೆದುಹಾಕಬೇಕು. ನಾಯಿಯನ್ನು ಕೂರಿಸಿ, ಶಿಕ್ಷಕನು ಇಪ್ಪತ್ತು ಹೆಜ್ಜೆ ನಡೆದುಹೋಗಿ ದಿಂಡನ್ನು ನೆಲದ ಮೇಲೆ ಇಟ್ಟು ಹಿಂದಿರುಗಬೇಕು. ಬಂದೊಡನೆ ಕಳುಹಿಸಕೂಡದು. ನಾಯಿಯನ್ನು ಜೊತೆಯಲ್ಲಿ ಕರೆದುಕೊಂಡು ಬೇರೆ ದಿಕ್ಕಿಗೆ ನಡೆದು, ಒಂದು ಸುತ್ತು ಹಾಕಿ, ಮತ್ತೆ ಮೊದಲಿನ ಸ್ಥಳಕ್ಕೆ ಬಂದು ಕೂರಿಸಬೇಕು. ಈಗ ಕಾಯಬೇಕು. ಎಷ್ಟು ಹೊತ್ತು? ಗಡಿಯಾರವನ್ನು ನೋಡಿ ಅಲ್ಲ, ನಾಯಿಯನ್ನು ನೋಡಿ. ಉಸಿರು ನಿಧಾನವಾಗುವುದು, ಬಾಯಿ ಮುಚ್ಚುವುದು, ಹೆಗಲಿನ ಬಿಗಿ ಸಡಿಲುವುದು, ಕಣ್ಣು ಒಂದು ಕ್ಷಣವಾದರೂ ಒಡೆಯನ ಮುಖದ ಕಡೆಗೆ ತಿರುಗುವುದು, ಈ ಗುರುತುಗಳು ಕಾಣಿಸಿದೊಡನೆ ತಗ್ಗಿದ ದನಿಯಲ್ಲಿ ಅದರ ಹೆಸರನ್ನು ಹೇಳಿ ಕಳುಹಿಸಬೇಕು.

ಈ ಪಾಠದ ಮರ್ಮವೆಲ್ಲ ಇಲ್ಲಿಯೇ ಇದೆ. ನಾಯಿಗೆ ಬೇಕಾದ ಬಹುಮಾನವನ್ನು ಶಿಕ್ಷಕನು ಕಿತ್ತುಕೊಳ್ಳುವುದಿಲ್ಲ. ಅದರ ಬೀಗದಕೈಯನ್ನು ಮಾತ್ರ ಬದಲಿಸುವನು. ಹಿಂದೆ ನುಗ್ಗಿದರೆ ದಿಂಡು ದೊರೆಯುತ್ತಿತ್ತು; ಈಗ ಸಮಾಧಾನಗೊಂಡರೆ ದೊರೆಯುತ್ತದೆ. ಓಡುವ ಆಸೆಯೇ ಕುಳಿತಿರುವುದಕ್ಕೆ ಕೂಲಿಯಾಗುತ್ತದೆ. ಇದನ್ನು ನಾಯಿಯು ಒಮ್ಮೆ ಗ್ರಹಿಸಿತೆಂದರೆ ಅದು ತಾನಾಗಿಯೇ ತನ್ನನ್ನು ತಡೆದುಕೊಳ್ಳಲು ಪ್ರಯತ್ನಿಸುವುದು.

ಕುಂಯ್‌ಗುಟ್ಟಿದರೆ ಗದರಿಸಬೇಕಾಗಿಲ್ಲ. ಮಾತಾಡದೆ ನಾಯಿಯನ್ನು ಅಲ್ಲಿಂದ ಕರೆದೊಯ್ದು, ದಿಂಡನ್ನು ಶಿಕ್ಷಕನೇ ಎತ್ತಿಕೊಂಡರೆ ಸಾಕು. ಬಾಯಿಬಿಟ್ಟರೆ ದಿಂಡು ಮಾಯವಾಗುವುದೆಂಬುದು ಅದಕ್ಕೆ ಬೇಗ ತಿಳಿಯುವುದು. ಆದರೆ ಪ್ರತಿದಿನವೂ ಹೀಗೆಯೇ ಆಗುತ್ತಿದ್ದರೆ ಪಾಠವು ನಾಯಿಯ ಶಕ್ತಿಗೆ ಮೀರಿದೆಯೆಂದು ತಿಳಿದು, ದಿಂಡನ್ನು ಇನ್ನೂ ದೂರದಲ್ಲಿಡಬೇಕು ಅಥವಾ ಹಿಂದಿನ ಪಾಠಕ್ಕೆ ಹೋಗಬೇಕು.

ನಾಲ್ಕನೆಯ ಪಾಠ: ಎಸೆದ ದಿಂಡು

ಇಟ್ಟ ದಿಂಡಿನ ವಿಷಯದಲ್ಲಿ ನಾಯಿಯು ನೆಮ್ಮದಿಯಾಗಿದ್ದರೆ ಹಾರಾಟವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಮೊದಲು ಕೈಯಿಂದ ಕೆಳಕ್ಕೆ ಬೀಳಿಸುವುದು, ಆಮೇಲೆ ಎರಡು ಗಜ ದೂರಕ್ಕೆ ಹಾಕುವುದು, ತರುವಾಯ ಎಸೆಯುವುದು. ಎಸೆಯುವಾಗ ಶಿಕ್ಷಕನು ನಾಯಿಯ ಎದುರಿಗೆ ನಿಂತು ದಿಂಡನ್ನು ತನ್ನ ಬೆನ್ನ ಹಿಂದಕ್ಕೆ ಎಸೆಯಬೇಕು. ಹೀಗೆ ಮಾಡಿದರೆ ನಾಯಿಯು ನುಗ್ಗಿದರೂ ನಡುವೆ ಶಿಕ್ಷಕನಿದ್ದು ತಡೆಯಬಲ್ಲನು. ಸುಮಾರು ಹತ್ತು ಗಜದ ಹಗುರವಾದ ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ ನೆಲದ ಮೇಲೆ ಬಿಟ್ಟಿರುವುದೂ ಉಪಯುಕ್ತವು. ಈ ಹಗ್ಗವು ಜಗ್ಗುವುದಕ್ಕಾಗಿ ಅಲ್ಲ. ಕದ್ದ ಬಹುಮಾನವು ದೊರೆಯದಂತೆ ಮಾಡುವುದಕ್ಕಾಗಿ ಮಾತ್ರ.

ನಾಯಿಯು ನುಗ್ಗಿದರೆ ಕೂಗದೆ ತಡೆದು, ಎದ್ದ ಸ್ಥಳಕ್ಕೇ ಮೆಲ್ಲಗೆ ಕರೆತಂದು ಕೂರಿಸಿ, ದಿಂಡನ್ನು ತಾನೇ ತಂದು, ಮುಂದಿನ ಸಲ ಇನ್ನೂ ಸುಲಭವಾಗಿ ಹಾಕಬೇಕು.

ಇನ್ನೊಂದು ಮುಖ್ಯವಾದ ನಿಯಮವುಂಟು. ಎಸೆದ ದಿಂಡುಗಳಲ್ಲಿ ಹೆಚ್ಚಿನವನ್ನು ಶಿಕ್ಷಕನೇ ಹೋಗಿ ಎತ್ತಿಕೊಳ್ಳತಕ್ಕದ್ದು. ಮೂರನ್ನು ಎಸೆದು ಎರಡನ್ನು ತಾನು ಎತ್ತಿ, ಒಂದಕ್ಕೆ ಮಾತ್ರ ನಾಯಿಯನ್ನು ಕಳುಹಿಸುವುದು ಒಳ್ಳೆಯ ಮೊದಲು. ಆತುರವು ಹೆಚ್ಚಾಗಿರುವ ನಾಯಿಗೆ ಹತ್ತರಲ್ಲಿ ಒಂದೆರಡು ಸಾಕು. ಬಿದ್ದದ್ದೆಲ್ಲವೂ ತನಗಾಗಿ ಬಿದ್ದದ್ದಲ್ಲವೆಂಬ ತಿಳಿವಳಿಕೆಯಿಂದಲೇ ನಾಯಿಯ ಮನಸ್ಸು ತಣ್ಣಗಾಗುವುದು.

ನಾಯಿಯ ಕಣ್ಣಿಗೆ ಕೆಂಪು ಹಸುರುಗಳ ಭೇದವು ಚೆನ್ನಾಗಿ ತಿಳಿಯುವುದಿಲ್ಲ. ಚಲನೆಯನ್ನಾದರೋ ಅದು ಬಹು ಚುರುಕಾಗಿ ಗುರುತಿಸುತ್ತದೆ. ಬಿಳಿಯ ದಿಂಡು ಹುಲ್ಲಿನಲ್ಲಿ ಎದ್ದು ಕಾಣುವುದು. ಕಿತ್ತಳೆ ಬಣ್ಣದ್ದು ಹಸುರಿನಲ್ಲಿ ಬೆರೆತುಹೋಗುವುದು. ಮೂಗನ್ನು ಉಪಯೋಗಿಸುವ ಅಭ್ಯಾಸವನ್ನು ಹೆಚ್ಚಿಸಬೇಕಾದಾಗ ಎರಡನೆಯದನ್ನು ಎತ್ತರವಾದ ಹುಲ್ಲಿನಲ್ಲಿ ಮುಂಚೆಯೇ ಅಡಗಿಸಿಟ್ಟು, ಗಾಳಿಯು ಎದುರಾಗಿರುವ ಕಡೆಯಿಂದ ನಾಯಿಯನ್ನು ಬಿಡುವುದು ಉತ್ತಮವು.

ಐದನೆಯ ಪಾಠ: ತಂದು ಒಪ್ಪಿಸುವುದು

ಆತುರದ ನಾಯಿಯು ಹೋಗುವಾಗ ಮಾತ್ರವಲ್ಲದೆ ಬರುವಾಗಲೂ ತೊಂದರೆಯನ್ನು ಕೊಡುತ್ತದೆ. ದಿಂಡನ್ನೆತ್ತಿಕೊಂಡು ಸುತ್ತು ಹಾಕುವ ನಾಯಿಯನ್ನು ಅಟ್ಟಿಕೊಂಡು ಹೋದರೆ ಅದಕ್ಕಿಂತ ಸೊಗಸಾದ ಆಟವು ಅದಕ್ಕೆ ಬೇರೊಂದಿಲ್ಲ. ಇದಕ್ಕೆ ತಕ್ಕ ಸ್ಥಳವೆಂದರೆ ಎರಡು ಬೇಲಿಗಳ ನಡುವಣ ಓಣಿ ಅಥವಾ ಗೋಡೆಯ ಪಕ್ಕ. ಅಲ್ಲಿ ನಾಯಿಗೆ ಹೋಗುವ ದಾರಿಯೂ ಬರುವ ದಾರಿಯೂ ಒಂದೇ. ನಾಯಿಯು ದಿಂಡನ್ನೆತ್ತಿದೊಡನೆ ಶಿಕ್ಷಕನು ಪಕ್ಕಕ್ಕೆ ತಿರುಗಿ, ಕುಕ್ಕರಿಸಿ, ಇಲ್ಲವೆ ಹಿಂದುಹಿಂದಕ್ಕೆ ನಡೆಯುತ್ತ ಬರಮಾಡಿಕೊಳ್ಳಬೇಕು.

ಬಂದೊಡನೆ ದಿಂಡಿಗೆ ಕೈಹಾಕಕೂಡದು. ಮೊದಲು ಎದೆಯನ್ನೂ ಕುತ್ತಿಗೆಯನ್ನೂ ನಿಧಾನವಾಗಿ ಸವರಿ, ದಿಂಡು ಬಾಯಲ್ಲಿರುವಾಗಲೇ ಮೆಚ್ಚುಗೆಯನ್ನು ತೋರಿಸಬೇಕು. ಹೊತ್ತು ನಿಲ್ಲುವುದೂ ಒಂದು ಗೌರವವೆಂದು ಅದಕ್ಕೆ ತೋರಬೇಕು. ತರುವಾಯ ಕೆಳಗಿನಿಂದ ಕೈಯಿಟ್ಟು, ಮೆಲ್ಲಗೆ ‘ಕೊಡು’ ಎಂದು ಹೇಳಿ ತೆಗೆದುಕೊಳ್ಳಬೇಕು. ಎಳೆದಾಡಿದರೆ ಬಾಯಿ ಗಡಸಾಗುವುದು. ದಿಂಡಿಗೆ ಬದಲಾಗಿ ತಿನಿಸು ಕೊಡುವುದಾದರೆ ಜಾಗರೂಕತೆಯು ಬೇಕು. ತಿನಿಸಿನ ಆಸೆಯಿಂದ ದಾರಿಯಲ್ಲಿಯೇ ದಿಂಡನ್ನು ಉಗುಳುವ ಅಭ್ಯಾಸವು ಬರಬಹುದು.

ಆರನೆಯ ಪಾಠ: ಸದ್ದು, ಇತರ ನಾಯಿಗಳು, ಹಕ್ಕಿಗಳು

ಗುಂಡಿನ ಸದ್ದನ್ನು ದೂರದಿಂದ ಪ್ರಾರಂಭಿಸತಕ್ಕದ್ದು. ಸಹಾಯಕನೊಬ್ಬನು ನೂರು ಗಜಕ್ಕೂ ಹೆಚ್ಚು ದೂರದಲ್ಲಿ ನಿಂತು ಸದ್ದುಮಾಡುವ ಪಿಸ್ತೂಲನ್ನು ಹಾರಿಸಿದಾಗ ನಾಯಿಯನ್ನು ಕೂರಿಸಿ ತಿನಿಸು ಕೊಡಬೇಕು. ನಾಯಿಯು ಅಂಜದಿದ್ದರೆ ದೂರವನ್ನು ದಿನಗಳ ಮೇಲೆ ಕಡಮೆಮಾಡಬೇಕು. ಸದ್ದೆಂದರೆ ಓಡುವುದೆಂದಲ್ಲ, ಕೂರುವುದೆಂದು ಅದರ ಮನಸ್ಸಿಗೆ ನಾಟಬೇಕು. ಆಮೇಲೆ ಪಳಗಿದ ಹಿರಿಯ ನಾಯಿಯೊಂದು ಕೆಲಸಮಾಡುತ್ತಿರುವಾಗ ಇದು ಕುಳಿತು ನೋಡುವುದನ್ನು ಕಲಿಸಬೇಕು. ಎಳೆಯ ಹೋರಿಯನ್ನು ಪಳಗಿದ ಎತ್ತಿನ ಜೊತೆಗೆ ಹೂಡುವ ರೈತನಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಹಕ್ಕಿಯ ಪಾಠವು ಎಲ್ಲಕ್ಕೂ ಕೊನೆಯದು. ಮೊದಲು ದಿಂಡಿಗೆ ರೆಕ್ಕೆಗಳನ್ನು ಕಟ್ಟಿ, ಅನಂತರ ತಣ್ಣಗಾದ ಹಕ್ಕಿಯನ್ನು ಕೊಡಬೇಕು. ಮೊದಲನೆಯ ಬೇಟೆಯ ಕಾಲದಲ್ಲಿ ಎಳೆ ನಾಯಿಗೆ ಗಾಯಗೊಂಡು ಓಡುವ ಹಕ್ಕಿಯನ್ನು ತರಲು ಬಿಡಕೂಡದು. ಅದು ಹಿರಿಯ ನಾಯಿಯ ಕೆಲಸವು. ಸಾಮಾನ್ಯವಾಗಿ ಒಂದೂವರೆ ವರ್ಷ ತುಂಬುವವರೆಗೆ ಬೇಟೆಯ ಗದ್ದಲಕ್ಕೆ ಕರೆದೊಯ್ಯದಿರುವುದು ಕ್ಷೇಮವು. ಮೊದಲ ದಿನ ಒಂದೆರಡು ಸುಲಭವಾದ ಹಕ್ಕಿಗಳನ್ನು ತರಿಸಿ, ಉಳಿದ ಹೊತ್ತು ಕೂರಿಸಿ, ಮನೆಗೆ ಕರೆತರುವ ಸಂಯಮವು ಒಡೆಯನಲ್ಲಿರಬೇಕು. ಹತ್ತು ತಿಂಗಳ ಶ್ರಮವು ಒಂದು ಮಧ್ಯಾಹ್ನದ ಉತ್ಸಾಹದಲ್ಲಿ ಹಾಳಾದುದುಂಟು. ಆ ಉತ್ಸಾಹವು ಅನೇಕ ವೇಳೆ ನಾಯಿಯದಲ್ಲ, ಒಡೆಯನದು.

ಉತ್ಸಾಹವನ್ನು ಕಾಪಾಡುವುದು

ಮೇಲಿನ ನಿಯಮಗಳನ್ನು ಅತಿಯಾಗಿ ಹಿಡಿದು ನಾಯಿಯನ್ನು ಕಲ್ಲಿನಂತೆ ಮಾಡುವುದೂ ದೋಷವೇ. ಎಷ್ಟೋ ದಿನ ಕೂರಿಸಿಯೇ ಇಟ್ಟರೆ ನಾಯಿಯು ಕಳುಹಿಸಿದರೂ ಅನುಮಾನಿಸುತ್ತ, ಮೆಲ್ಲಗೆ ನಡೆದು ಹೋಗಿ, ದಿಂಡನ್ನು ಮೂಸಿ ಬಿಟ್ಟುಬರುವ ಸ್ಥಿತಿಗೆ ಇಳಿಯಬಹುದು. ಹೋಗುವಾಗ ಬಾಣದಂತೆ ಹೋಗಿ, ಕಾಯುವಾಗ ಕಂಬದಂತೆ ಕಾಯುವ ನಾಯಿಯೇ ಬೇಕಾದದ್ದು. ಆದಕಾರಣ ನಾಯಿಯ ವೇಗವು ತಗ್ಗಿದಂತೆ ಕಂಡರೆ ನಾಲ್ಕು ದಿನ ಬಿಡುವು ಕೊಟ್ಟು, ಒಂದೆರಡು ಸಲ ಬೇಗನೆ ಕಳುಹಿಸಿ, ಮನಸ್ಸನ್ನು ಅರಳಿಸಬೇಕು.

ಪಾಠವು ಐದರಿಂದ ಹತ್ತು ನಿಮಿಷಕ್ಕೆ ಮೀರಬಾರದು. ನಾಯಿಯು ಸರಿಯಾಗಿ ಮಾಡಿದೊಡನೆ ನಿಲ್ಲಿಸಬೇಕು. ಇನ್ನೊಂದು ಸಲ ನೋಡೋಣವೆಂಬ ಆಸೆಯೇ ಅನೇಕ ಶಿಕ್ಷಕರನ್ನು ಕೆಡಿಸಿದೆ. ಕೆಟ್ಟ ದಿನಗಳು ಬಂದೇ ಬರುತ್ತವೆ. ಆಗ ಎರಡು ಪಾಠ ಹಿಂದಕ್ಕೆ ಹೋಗಿ, ಅಲ್ಲಿ ಗೆದ್ದು ಮುಂದಕ್ಕೆ ಬರಬೇಕು. ಶಿಕ್ಷಕನಿಗೆ ಸಿಟ್ಟು ಬಂದ ದಿನ ಪಾಠವೇ ಬೇಡ.

ಕರ್ನಾಟಕದ ಓದುಗರಿಗೆ ಕೆಲವು ಮಾತು

೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಮೇರೆಗೆ ಭಾರತದಲ್ಲಿ ಕಾಡುಪ್ರಾಣಿಗಳನ್ನೂ ಕಾಡುಹಕ್ಕಿಗಳನ್ನೂ ಬೇಟೆಯಾಡುವುದು ಅಪರಾಧವು. ಆದುದರಿಂದ ಇಲ್ಲಿ ಈ ಶಿಕ್ಷಣವನ್ನು ದಿಂಡಿನಿಂದಲೇ ಮುಗಿಸತಕ್ಕದ್ದು. ಆದರೆ ಲ್ಯಾಬ್ರಡಾರ್ ನಾಯಿಗಳು ಇಲ್ಲಿನ ಊರುಗಳಲ್ಲಿಯೂ ತೋಟಗಳಲ್ಲಿಯೂ ಬೇಕಾದಷ್ಟಿವೆ. ಕೋಳಿ ಕಂಡರೆ ಅಟ್ಟುವ, ಕುರಿಮಂದೆ ಕಂಡರೆ ನುಗ್ಗುವ, ಬಂದವರ ಮೇಲೆ ಹಾರುವ ನಾಯಿಗೆ ಮೊದಲ ನಾಲ್ಕು ಪಾಠಗಳು ಇಲ್ಲಿಯೂ ಅಷ್ಟೇ ಉಪಯುಕ್ತವಾದುವು. ಪೊಲೀಸಿನವರ ವಾಸನೆ ಹಿಡಿಯುವ ನಾಯಿಗಳ ಶಿಕ್ಷಣದಲ್ಲಿಯೂ ಎತ್ತಿತರುವ ಈ ಆಸೆಯನ್ನೇ ಬಹುಮಾನವಾಗಿ ಬಳಸಿಕೊಳ್ಳುವರು. ಮುಧೋಳ ನಾಯಿಯ ಸ್ವಭಾವವು ಬೇರೆ. ಅದು ಕಣ್ಣಿನಿಂದ ಕಂಡು ವೇಗದಿಂದ ಅಟ್ಟುವ ತಳಿಯಾದುದರಿಂದ ಎತ್ತಿತರುವುದರಲ್ಲಿ ಅದರಿಂದ ಲ್ಯಾಬ್ರಡಾರಿನ ಆಸಕ್ತಿಯನ್ನು ನಿರೀಕ್ಷಿಸಬಾರದು. ಕುಳಿತಿರುವ ಪಾಠವು ಮಾತ್ರ ಅದಕ್ಕೂ ಅವಶ್ಯಕವು.

ಬೇಸಗೆಯಲ್ಲಿ ಪಾಠವನ್ನು ಸೂರ್ಯೋದಯದ ಹೊತ್ತಿಗೆ ಮುಗಿಸಬೇಕು. ನಾಯಿಯು ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ; ಮುಖ್ಯವಾಗಿ ಏದುಸಿರಿನಿಂದಲೇ ಮೈಯನ್ನು ತಂಪುಮಾಡಿಕೊಳ್ಳುತ್ತದೆ. ಆತುರದ ನಾಯಿಯು ತನ್ನ ದಣಿವನ್ನು ತಾನೇ ಅರಿಯದೆ ಓಡಿ ಶಾಖದ ಹೊಡೆತಕ್ಕೆ ಸಿಕ್ಕಿ ಸಾಯುವ ಅಪಾಯವುಂಟು. ಹುಚ್ಚುನಾಯಿ ರೋಗದ ವಿರುದ್ಧ ಮೂರು ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕಿಸಿ, ಪಶುವೈದ್ಯರ ಸಲಹೆಯಂತೆ ಮತ್ತೆ ಮತ್ತೆ ಹಾಕಿಸುತ್ತಿರಬೇಕು.

ನೆನಪಿನಲ್ಲಿಡತಕ್ಕ ಅಂಶಗಳು

೧. ಎಳೆಯದರಲ್ಲಿ ಚೆಂಡು ಕೋಲುಗಳನ್ನು ಮಿತಿಯಿಲ್ಲದೆ ಎಸೆಯಬೇಡಿರಿ.

೨. ಎಸೆದದ್ದರಲ್ಲಿ ಹೆಚ್ಚಿನದನ್ನು ನೀವೇ ಎತ್ತಿಕೊಳ್ಳಿರಿ.

೩. ಗಡಿಯಾರವನ್ನು ನೋಡದೆ ನಾಯಿಯ ಉಸಿರನ್ನೂ ಕಣ್ಣನ್ನೂ ನೋಡಿ ಕಳುಹಿಸಿರಿ.

೪. ನುಗ್ಗಿದ ನಾಯಿಗೆ ದಿಂಡು ದೊರೆಯದಂತೆ ಮಾಡಿರಿ. ಹಿಂದಿರುಗಿ ಬಂದ ನಾಯಿಯನ್ನು ಎಂದಿಗೂ ದಂಡಿಸಬೇಡಿರಿ.

೫. ಕಾಲ, ದೂರ, ಸೆಳೆತ, ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿರಿ.

೬. ಪಾಠವು ಚಿಕ್ಕದಾಗಿರಲಿ, ಗೆಲುವಿನಲ್ಲಿ ಮುಗಿಯಲಿ.

ತಾಳಿದವನು ಬಾಳಿಯಾನು ಎಂಬ ಗಾದೆಯು ಇಲ್ಲಿ ನಾಯಿಗೂ ಸಲ್ಲುತ್ತದೆ, ಅದರ ಒಡೆಯನಿಗೂ ಸಲ್ಲುತ್ತದೆ. ಆದರೆ ತಾಳ್ಮೆಯನ್ನು ಮೊದಲು ಕಲಿಯತಕ್ಕವನು ಒಡೆಯನು. ನಾಯಿಯು ಅವನನ್ನು ನೋಡಿ ಕಲಿಯುತ್ತದೆ.